ಅರ್ಜಿದಾರರು: ಗುಡೂರು ದ್ವೀಪರಾಷ್ಟ್ರ

ಬಾಗಲಕೋಟೆ ಜಿಲ್ಲೆಯ ಗುಡೂರನ್ನು ಉಷ್ಣವಲಯದ ದ್ವೀಪರಾಷ್ಟ್ರವೆಂದು ಘೋಷಿಸಬೇಕೆಂದು ಕೋರಿ ವಿಶ್ವಸಂಸ್ಥೆಗೆ ಸಲ್ಲಿಸಲಿರುವ ಅರ್ಜಿಯ ಕರಡು ಸಿದ್ಧವಾಗಿದೆ. ಬರೆದವರು ನಿವೃತ್ತ ಭೂಗೋಳದ ಮಾಸ್ತರು. ಒತ್ತು-ದೀರ್ಘ ತಿದ್ದಿದವನು ನಾನು. ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕೂತು ಆಕ್ಷೇಪಣೆ ಎತ್ತುತ್ತಿರುವವರು ಮಗ್ಗದ ಕಾಕಾ. ಊರಿನ ಉಳಿದವರಿಗೆ ಸುದ್ದಿ ಇನ್ನೂ ಮುಟ್ಟಿಲ್ಲ. ಮುಟ್ಟಿದ ದಿನವೇ ದ್ವೀಪದಲ್ಲಿ ಸೈಟು ಯಾರ ಹೆಸರಿಗೆ ಎಂಬ ತಕರಾರು ಶುರುವಾಗುತ್ತದೆ. ಅಷ್ಟರೊಳಗೆ ಸ್ಪೀಡ್‌ಪೋಸ್ಟ್ ಮಾಡಿಬಿಡಬೇಕು.

ಕಾಕಾನ ಮೊದಲ ಆಕ್ಷೇಪಣೆ ಯಾರಿಗಾದರೂ ಹೊಳೆಯುವಂಥದ್ದು. "ಮಾಸ್ತರ್ರ, ಸಮುದ್ರ ನೋಡಬೇಕಂದ್ರ ನಾವು ಗೋವಾದ ಬಸ್ ಹತ್ತಬೇಕು. ಇನ್ನೂರು ಕಿಲೋಮೀಟರ್ ಮ್ಯಾಲೇ ಐತಿ. ನಮ್ಮೂರು ನಡುಗಡ್ಡಿ ಹೆಂಗ ಆಕ್ಕೈತ್ರಿ?"

ಮಾಸ್ತರು ಬಸಿಯಲ್ಲಿದ್ದ ಚಹಾ ಮುಗಿಸಿಯೇ ಬಾಯಿ ತೆರೆದರು. "ಉಷ್ಣವಲಯ ಅನ್ನೂದ್ರಾಗ ನಿಮಗೇನರ ಸಂಶಯ ಐತೇನ್ರಿ? ಇದ್ರ ಏಪ್ರಿಲ್ ತಿಂಗಳದಾಗ ವಿಶ್ವಸಂಸ್ಥೆ ಸಾಹೇಬ್ರನ್ನ ಕರಕೊಂಡು ಬರ್ರಿ, ಇದs ಬಾಕಿನ ಮ್ಯಾಲೆ ಒಂದು ತಾಸು ಕುಂದ್ರಸೂಣು. ಅರ್ಧಾ ಅರ್ಹತಾ ಅಲ್ಲೇ ಪಾಸು. ಇನ್ನ ನೀರು. ಮಲಪ್ರಭಾ ಬಂದಾಗ ಹೊಳಿದಂಡಿ ಊರಾಗ ನಿಂತು ನೋಡ್ರಿ, ನಾಕೂ ದಿಕ್ಕಿಗೆ ಸಮುದ್ರನ."

ಈ ಉಸಾಬರಿ ಯಾಕೆ ಎನ್ನುವವರಿಗೆ ಕಾರಣ ಹೇಳಬೇಕು. ನಿಸರ್ಗ ಎಲ್ಲ ಕಡೆಯೂ ಹಾಳಾಗುತ್ತದೆ. ಆದರೆ ಹಾಳಾದದ್ದಕ್ಕೆ ಸಮ್ಮೇಳನ, ಸಹಾನುಭೂತಿ, ನಿಧಿ ಎಲ್ಲ ಸಿಗುವುದು ದ್ವೀಪಗಳಿಗೆ. ಅವು 1990ರಲ್ಲೇ ಒಟ್ಟಾಗಿ ಸಂಘ ಕಟ್ಟಿಕೊಂಡವು. 2022ರಲ್ಲಿ ಈಜಿಪ್ಟಿನ ಶರ್ಮ್ ಎಲ್ ಶೇಖ್ ಸಮ್ಮೇಳನದಲ್ಲಿ ಪಟ್ಟು ಹಿಡಿದು 'ನಷ್ಟ ಮತ್ತು ಹಾನಿ' ನಿಧಿಗೆ ಒಪ್ಪಿಗೆ ಗಿಟ್ಟಿಸಿದವು. ಅದರ ಹಿಂದಿನ ವರ್ಷ ಟುವಾಲು ದೇಶದ ವಿದೇಶಾಂಗ ಸಚಿವ ಸೈಮನ್ ಕೋಫೆ ಸೂಟು-ಟೈ ಧರಿಸಿ, ಪ್ಯಾಂಟು ಮಡಚಿ, ಮೊಣಕಾಲುದ್ದ ಸಮುದ್ರದಲ್ಲಿ ನಿಂತು ಹವಾಮಾನ ಸಮ್ಮೇಳನಕ್ಕೆ ಭಾಷಣ ಮಾಡಿ ಕಳಿಸಿದರು. ಜಗತ್ತಿನ ಪತ್ರಿಕೆಗಳೆಲ್ಲ ಮುಖಪುಟದಲ್ಲಿ ಹಾಕಿಕೊಂಡವು. ಅದಕ್ಕೂ ಎರಡು ವರ್ಷ ಮೊದಲು, 2019ರ ಆಗಸ್ಟಿನಲ್ಲಿ, ಪಟ್ಟದಕಲ್ಲಿನ ದೇವಾಲಯಗಳ ಸುತ್ತ ಮಲಪ್ರಭೆ ನಿಂತಿದ್ದಾಗ ದಂಡೆಯ ಹಳ್ಳಿಗಳ ಜನ ಅದಕ್ಕಿಂತ ಆಳದ ನೀರಿನಲ್ಲಿ ಎಮ್ಮೆ ಹೊಡೆದುಕೊಂಡು, ಜೋಳದ ಚೀಲ ತಲೆಯ ಮೇಲಿಟ್ಟುಕೊಂಡು ನಡೆದರು. ಅವರ ಎದುರಿಗೆ ಮೈಕ್ ಇಡಬೇಕೆಂದು ಯಾರಿಗೂ ತೋಚಲಿಲ್ಲ. ಸೂಟು ಇಲ್ಲದೆ ನೀರಲ್ಲಿ ನಿಂತವನು ನೆರೆ ಸಂತ್ರಸ್ತ. ಸೂಟು ಹಾಕಿ ನಿಂತರೆ ಹವಾಮಾನ ಹೋರಾಟಗಾರ.

ಮಾಲ್ಡೀವ್ಸಿನದು ಇನ್ನೊಂದು ಕತೆ. 2009ರ ಅಕ್ಟೋಬರ್ 17ರಂದು ಅಲ್ಲಿನ ಅಧ್ಯಕ್ಷ ಮೊಹಮ್ಮದ್ ನಶೀದ್ ತಮ್ಮ ಮಂತ್ರಿಗಳಿಗೆ ಗಾಳಿಯ ಸಿಲಿಂಡರ್ ಕಟ್ಟಿಸಿ ಸಮುದ್ರದ ತಳದಲ್ಲಿ ಸಚಿವ ಸಂಪುಟದ ಸಭೆ ನಡೆಸಿದರು. ಅದೇ ತಿಂಗಳ ಮೊದಲ ವಾರದಲ್ಲಿ ಉತ್ತರ ಕರ್ನಾಟಕದ ಜಿಲ್ಲೆಗಳೂ ನೀರಿನ ತಳದಲ್ಲೇ ಇದ್ದವು. ನಮ್ಮ ಮಂತ್ರಿಗಳು ಹೆಲಿಕಾಪ್ಟರಿನಲ್ಲಿ ವೈಮಾನಿಕ ಸಮೀಕ್ಷೆ ಮಾಡಿದರು. ಅಲ್ಲಿ ಸಂಪುಟ ನೀರೊಳಗೆ, ಇಲ್ಲಿ ಸಂಪುಟ ಗಾಳಿಯಲ್ಲಿ. ನೆಲದ ಮೇಲೆ ಎರಡೂ ಕಡೆ ಯಾರೂ ಇರಲಿಲ್ಲ. ಆಮೇಲೆ ನಮಗೆ 'ಆಸರೆ' ಎಂಬ ಹೆಸರಿನಲ್ಲಿ ಎತ್ತರದ ಜಾಗದಲ್ಲಿ ಮನೆಗಳು ಬಂದವು. ಎಷ್ಟೋ ಕಡೆ ಅವುಗಳಲ್ಲಿ ಮೊದಲು ವಾಸಕ್ಕೆ ಬಂದದ್ದು ಬಳ್ಳಾರಿ ಜಾಲಿ.

"ಮುಳುಗೂ ದೇಶ ಅಂತ ಅವರಿಗೆ ಹೆಸರು ಬಂದೈತಿ. ನಮಗ್ಯಾಕ ಬರಬಾರದು?" ಎಂಬುದು ಮಾಸ್ತರರ ಪ್ರಶ್ನೆ. ನ್ಯಾಯವಾದದ್ದೇ. ಮಾಲ್ಡೀವ್ಸಿನ ರಾಜಧಾನಿ ಮುಂದೊಂದು ದಿನ ಮುಳುಗೀತು ಎಂದು ಜಗತ್ತು ಕಣ್ಣೀರಿಡುತ್ತಿದೆ. ನಮ್ಮ ಜಿಲ್ಲಾ ಕೇಂದ್ರ ಆಗಲೇ ಭಾಗಶಃ ಮುಳುಗಿ, ದಂಡೆಗೆ ನವನಗರ ಎಂಬ ಬದಲಿ ಊರು ಎದ್ದು, ಅಲ್ಲಿನ ರಸ್ತೆಗಳಲ್ಲಿ ಎರಡನೆಯ ತಲೆಮಾರಿನ ಗುಂಡಿಗಳೂ ಬಿದ್ದಿವೆ. 1964ರ ಮೇ ತಿಂಗಳಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲಿಟ್ಟರು. ಆ ಜಲಾಶಯದಿಂದ ವಿಜಯಪುರದ ಬರದ ಹೊಲಗಳಿಗೆ ನೀರು ಹೋದದ್ದು ಸುಳ್ಳಲ್ಲ, ಬಾಗಲಕೋಟೆ ಜಿಲ್ಲೆ ಹೊಲ-ಮನೆ ಬಿಟ್ಟುಕೊಟ್ಟದ್ದೂ ಸುಳ್ಳಲ್ಲ. ಮುಂದಿನದು ಇನ್ನೂ ಸೊಗಸು. 2100ರ ಹೊತ್ತಿಗೆ ಸಮುದ್ರ ಎಷ್ಟು ಏರುತ್ತದೆಂದು ಜಗತ್ತಿನ ವಿಜ್ಞಾನಿಗಳು ಇಂದಿಗೂ ಇಷ್ಟರಿಂದ ಇಷ್ಟರವರೆಗೆ ಎಂದು ತೊದಲುತ್ತಾರೆ. ನಮಗೆ ಆ ಗೊಂದಲವಿಲ್ಲ. ನಮ್ಮ ಸಮುದ್ರ ಈಗ 519.60 ಮೀಟರಿನಲ್ಲಿದೆ, 524.256ಕ್ಕೆ ಏರಬೇಕಿದೆ. ದಶಮಾಂಶದ ಮುಂದೆ ಮೂರು ಅಂಕಿ. ಧ್ರುವದ ಹಿಮಕ್ಕೆ ಈ ಶಿಸ್ತು ಎಲ್ಲಿಂದ ಬರಬೇಕು? ಇದು ನ್ಯಾಯಮೂರ್ತಿ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರ ಡಿಸೆಂಬರಿನಲ್ಲಿ ಕೊಟ್ಟ ತೀರ್ಪಿನ ಮಟ್ಟ. ಮುಳುಗುವ ದಿನಾಂಕವೊಂದು ಗೊತ್ತಿಲ್ಲ. ಅದು ಬಜೆಟ್ಟಿನ ಮೇಲೆ ಹೋಗುತ್ತದೆ. ಈ ನಡುವೆ ಹಿನ್ನೀರಿಗೆ ರಾಜಹಂಸಗಳು ಬರತೊಡಗಿವೆ. ಪುನರ್ವಸತಿ ಕಚೇರಿಗೆ ಒಮ್ಮೆಯೂ ಅಲೆಯದೆ ಈ ಜಿಲ್ಲೆಯಲ್ಲಿ ನೆಲೆ ಸಿಕ್ಕಿದ್ದು ಅವಕ್ಕೆ ಮಾತ್ರ.

ಇಷ್ಟಾದ ಮೇಲೂ ಕಾಕಾ ಒಪ್ಪಲಿಲ್ಲ. "ಅದೆಲ್ಲಾ ಬಾಗಲಕೋಟಿ ಮಾತಾತು. ನಮ್ಮ ಸೀಮಿಗೆ ಯಾವ ನಡುಗಡ್ಡಿ ಸರಿಜೋಡಿ ಆಕ್ಕೈತಿ, ಅದನ್ ಹೇಳ್ರಿ."

ಆಗ ಮಾಸ್ತರು ನೌರುವಿನ ಹೆಸರೆತ್ತಿದರು. ಅರ್ಜಿಯ ಜೀವಾಳವೇ ಇದು.

ನೌರು ಪೆಸಿಫಿಕ್ ಸಾಗರದ ಒಂದು ಚುಕ್ಕೆ. 21 ಚದರ ಕಿಲೋಮೀಟರು, ಜನ ಹನ್ನೆರಡು ಸಾವಿರದ ಆಸುಪಾಸು. ನಮ್ಮ ಒಂದು ಹೋಬಳಿಗೂ ಕಡಿಮೆ. ಅಲ್ಲಿಂದ ಯಾರೋ ತಂದ ಕಲ್ಲೊಂದು ಸಿಡ್ನಿಯ ಕಂಪನಿ ಕಚೇರಿಯಲ್ಲಿ ಬಾಗಿಲು ಮುಚ್ಚದಂತೆ ಒತ್ತಿಟ್ಟಿದ್ದ ತಡೆಗಲ್ಲಾಗಿ ಬಿದ್ದಿತ್ತು. ಆಲ್ಬರ್ಟ್ ಎಲ್ಲಿಸ್ ಎಂಬ ನೌಕರ ಕುತೂಹಲಕ್ಕೆ ಪರೀಕ್ಷೆ ಮಾಡಿದ. ಉತ್ಕೃಷ್ಟ ಫಾಸ್ಫೇಟ್. ಇಪ್ಪತ್ತನೇ ಶತಮಾನ ಕಣ್ಣು ಬಿಡುತ್ತಿದ್ದಂತೆ ಅಗೆತ ಶುರು. ನೌರುವಿನ ನೆಲ ಹಡಗು ಹತ್ತಿ ಹೋಗಿ ಆಸ್ಟ್ರೇಲಿಯಾ, ನ್ಯೂಜಿಲೆಂಡುಗಳ ಹೊಲಕ್ಕೆ ಗೊಬ್ಬರವಾಯಿತು. 1968ರಲ್ಲಿ ಸ್ವಾತಂತ್ರ್ಯ ಬಂದ ಮೇಲೆ ದೇಶದವರಿಗೆ ಗಣಿ ಕೈಗೆ ಸಿಕ್ಕಿತು. ಸಿಕ್ಕಿದ ಮೇಲೆ ಅವರೇನು ಮಾಡಿದರು? ತಾವೇ ಅಗೆದರು. ಕೆಲ ಕಾಲ ತಲಾ ಆದಾಯದಲ್ಲಿ ಜಗತ್ತಿನ ಅತಿ ಶ್ರೀಮಂತರ ಸಾಲಿನಲ್ಲಿ ನಿಂತರು. ಮೆಲ್ಬರ್ನಿನಲ್ಲಿ 52 ಅಂತಸ್ತಿನ ನೌರು ಹೌಸ್ ಎಬ್ಬಿಸಿದರು. 1993ರಲ್ಲಿ ಲಂಡನ್ನಿನಲ್ಲಿ ಲಿಯೊನಾರ್ಡೊ ಡಾವಿಂಚಿಯ ಪ್ರೇಮಪ್ರಸಂಗದ ಮೇಲೊಂದು ಸಂಗೀತ ನಾಟಕಕ್ಕೆ ಬಂಡವಾಳ ಸುರಿದರು. ನಾಟಕ ಕೆಲವೇ ವಾರಗಳಲ್ಲಿ ಮಕಾಡೆ ಮಲಗಿತು. ಫಾಸ್ಫೇಟ್ ತೀರಿತು. ದ್ವೀಪದ ನಡುಭಾಗವೆಲ್ಲ ಸುಣ್ಣದ ಕಂಬಗಳು ಹಲ್ಲು ಕಿರಿದು ನಿಂತ ಬಯಲು. ಅಲ್ಲಿ ಬೆಳೆ ಇಲ್ಲ, ಮರ ಇಲ್ಲ. ಜನ ಕಡಲಂಚಿನ ಒಂದು ಪಟ್ಟಿಯಲ್ಲಿ ಬದುಕಿದ್ದಾರೆ, ಆ ಅಂಚಿಗೇ ಈಗ ಸಮುದ್ರ ಬರುತ್ತಿದೆ. ಹಿಂದಿನವರು ಮಾಡಿದ ಹಾನಿಗೆ ಪರಿಹಾರ ಕೊಡಿ ಎಂದು 1989ರಲ್ಲಿ ಆಸ್ಟ್ರೇಲಿಯಾವನ್ನು ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಎಳೆದು, 1993ರಲ್ಲಿ ರಾಜಿಯಾಗಿ ಹಣ ಪಡೆದರು. 2025ರಿಂದ ಪಾಸ್‌ಪೋರ್ಟ್ ಮಾರುತ್ತಿದ್ದಾರೆ, ಮೊದಲಿಗೆ ದರ 1,05,000 ಡಾಲರಿನಿಂದ ಶುರುವಾಗಿತ್ತು. ಆ ಹಣದಲ್ಲಿ ಅಂಚಿನ ಜನರನ್ನು ಒಳನಾಡಿನ ಎತ್ತರಕ್ಕೆ ಸಾಗಿಸುವುದು ಯೋಜನೆ. ಯಾವ ಒಳನಾಡು? ಅದೇ, ಅಗೆದು ಬಿಟ್ಟದ್ದು.

ಕಾಕಾ ಕೇಳಿದ್ದು ಒಂದೇ ಮಾತು: "ಇದು ಇಳಕಲ್ಲಿನ ಕತಿ ಅಲ್ಲೇನ್ರಿ?"

ಹೌದಲ್ಲ! ನಮ್ಮ ಸೀಮೆಯ ಇಳಕಲ್, ಕುಷ್ಟಗಿ ಸುತ್ತಿನ ಗುಲಾಬಿ-ಕೆಂಪು ಗ್ರಾನೈಟು ವ್ಯಾಪಾರಿಗಳ ಬಾಯಲ್ಲಿ ಇಳಕಲ್ ಪಿಂಕ್, ರೂಬಿ ರೆಡ್ ಎಂದೆಲ್ಲ ಕರೆಸಿಕೊಂಡು ಹಡಗು ಹತ್ತುತ್ತದೆ. ಕ್ವಾರಿಯ ಬಾಯಲ್ಲಿ ನಿಂತು ನೋಡಿದವರಿಗೆ ಗೊತ್ತು. ಗುಡ್ಡವನ್ನು ಒಡೆಯುವುದಿಲ್ಲ, ಕೊಯ್ಯುತ್ತಾರೆ. ಸಾಲಾಗಿ ಕೊರೆದ ತೂತುಗಳ ಅರೆಗೋಲ ಗೆರೆಗಳು ಬಂಡೆಯ ಮೈಮೇಲೆ ಉದ್ದಕ್ಕೂ ಉಳಿದಿರುತ್ತವೆ. ವಜ್ರದ ಮಣಿ ಪೋಣಿಸಿದ ತಂತಿ ಗಿರ್ರನೆ ತಿರುಗಿ, ನೀರು-ಕಲ್ಲಿನ ಹಾಲು ಸುರಿಸುತ್ತ, ಇನ್ನೂರು ಕೋಟಿ ವರ್ಷಕ್ಕೂ ಹಳೆಯ ಬಂಡೆಯನ್ನು ಚೌಕ ಮಾಡಿ ಕೊಡುತ್ತದೆ. ಚೌಕದ ಮೇಲೆ ಪೇಂಟಿನಲ್ಲಿ ನಂಬರು. ಸಣ್ಣ ಬಿರುಕಿದ್ದರೆ, ಬಣ್ಣದಲ್ಲಿ ಒಂದು ಗೆರೆ ಹೆಚ್ಚು-ಕಡಿಮೆಯಾಗಿದ್ದರೆ ಆ ಕಲ್ಲು ವೇಸ್ಟು. ತೆಗೆದದ್ದರಲ್ಲಿ ಬಹುಪಾಲು ಹೀಗೆ ವೇಸ್ಟಾಗಿ ಬದಿಯಲ್ಲಿ ಬೀಳುತ್ತದೆ. ಗುಡ್ಡ ಇದ್ದಲ್ಲಿ ಗುಂಡಿ, ಹೊಲ ಇದ್ದಲ್ಲಿ ಕಲ್ಲಿನ ದಿಬ್ಬ. ಪ್ರಕೃತಿಗೆ ನಷ್ಟವೇನೂ ಆಗಿಲ್ಲ, ಸ್ಥಳ ಬದಲಾವಣೆ ಅಷ್ಟೇ ಎಂದು ವಾದಿಸುವವರಿದ್ದಾರೆ. ನೌಕರರ ವರ್ಗಾವಣೆ ನೋಡಿ ನೋಡಿ ಬಂದ ತತ್ವಜ್ಞಾನವಿರಬೇಕು.

ಕಾಗದದಲ್ಲಿ ಪ್ರತಿ ಕ್ವಾರಿಗೂ ಒಂದು ಯೋಜನೆಯಿದೆ: ಎಷ್ಟು ಅಗೆಯಬೇಕು, ಮುಗಿದ ಮೇಲೆ ಗುಂಡಿಯನ್ನು ಹೇಗೆ ಕಟ್ಟಿ ಬಿಡಬೇಕು, ಸುತ್ತ ಎಲ್ಲಿ ಗಿಡ ಹಚ್ಚಬೇಕು. ಯೋಜನೆ ಹಸಿರು ಕವರಿನ ಫೈಲಿನಲ್ಲಿರುತ್ತದೆ, ಹಸಿರು ಅಲ್ಲಿಗೇ ಮುಗಿಯುತ್ತದೆ. ಮಳೆಗಾಲದಲ್ಲಿ ಗುಂಡಿ ತುಂಬಿದಾಗ ಎಮ್ಮೆಗಳು ಇಳಿಯುತ್ತವೆ, ರಜೆಯಲ್ಲಿ ಹುಡುಗರು ಇಳಿಯುತ್ತಾರೆ. ಬೇಲಿ ಇಲ್ಲ, ಆಳದ ಬೋರ್ಡೂ ಇಲ್ಲ.

ಬಂಡೆ ಕಡಿಯುವುದು ನಮ್ಮ ಸೀಮೆಗೆ ಹೊಸತಲ್ಲ ಎಂಬ ಸಮರ್ಥನೆ ತಯಾರಿರುತ್ತದೆ. ನಿಜ. ಬಾದಾಮಿ ಚಾಲುಕ್ಯರೂ ಕಡಿದರು. ಬಾದಾಮಿಯ ಮೂರನೆಯ ಗುಹೆಯಲ್ಲಿ ಕ್ರಿ.ಶ. 578ರ ಶಾಸನವಿದೆ. ಅವರು ಕಡಿದು ಹೋದ ಮೇಲೆ ಗುಡ್ಡವೂ ಉಳಿಯಿತು, ಒಳಗೆ ವಿಷ್ಣುವೂ ಉಳಿದ. ಇವರು ಕಡಿದು ಹೋದ ಮೇಲೆ ಉಳಿಯುವುದು ಲೀಜಿನ ನವೀಕರಣ. ನಮ್ಮ ಗುಡ್ಡ ಸಮುದ್ರದಾಚೆ ಯಾರದೋ ಅಡುಗೆಕಟ್ಟೆಯಾಗಿದೆ, ಯಾರದೋ ಸಮಾಧಿಯ ಮೇಲಿನ ಕಲ್ಲಾಗಿದೆ. ನೌರುವಿನವರು ಒಂದು ನಾಟಕವನ್ನಾದರೂ ಆಡಿಸಿದರು. ನಾಟಕ ಕಂಪನಿಗಳ ಸೀಮೆಯವರಾದ ನಾವು ಅದನ್ನೂ ಮಾಡಲಿಲ್ಲ.

ಆದರೆ ಸಂರಕ್ಷಣೆಯ ಪ್ರಯತ್ನಗಳು ನಮ್ಮಲ್ಲಿಲ್ಲವೇ ಎಂದು ವಿಶ್ವಸಂಸ್ಥೆ ಕೇಳಬಹುದು. ಅರ್ಜಿಯ ನಮೂನೆಯಲ್ಲಿ ಆ ಕಲಂ ಇದ್ದೇ ಇರುತ್ತದೆ. ಮಾಸ್ತರು ಅದಕ್ಕೆ ವನಮಹೋತ್ಸವ ಎಂದು ಬರೆದಿದ್ದಾರೆ. 1950ರಲ್ಲಿ ಕೆ.ಎಂ. ಮುನ್ಷಿಯವರು ಹಾಕಿಕೊಟ್ಟ ಹಬ್ಬವನ್ನು ನಾವು ಒಂದು ವರ್ಷವೂ ತಪ್ಪಿಸಿಲ್ಲ. ಹಿಂದಿನ ದಿನ ಜೆಸಿಬಿ ಬಂದು ಗುಂಡಿ ತೋಡುತ್ತದೆ. ಬೆಳಿಗ್ಗೆ ಶಾಮಿಯಾನ. ಹತ್ತಕ್ಕೆ ಇದ್ದ ಕಾರ್ಯಕ್ರಮಕ್ಕೆ ಸಾಹೇಬರು ಒಂದೂವರೆಗೆ ಬರುತ್ತಾರೆ. ಅಷ್ಟರಲ್ಲಿ ಬಿಸಿಲಿಗೆ ಸಾಲೆಯ ಮಕ್ಕಳೂ ಸಸಿಯೂ ಒಟ್ಟಿಗೆ ಬಾಡಿರುತ್ತವೆ. ಒಂದು ಬೇವಿನ ಸಸಿಗೆ ಏಳು ಕೈ ಹತ್ತುತ್ತವೆ. "ಸಾಹೇಬ್ರ, ಸ್ವಲ್ಪ ಇತ್ಲಾಗ ನೋಡ್ರಿ" ಎನ್ನುತ್ತಾನೆ ಫೋಟೋದವನು. ಸಾಹೇಬರು ಅತ್ಲಾಗ ನೋಡುತ್ತಲೇ ಸಸಿಯನ್ನು ಗುಂಡಿಗಿಳಿಸುತ್ತಾರೆ, ಕರಿ ಪ್ಲಾಸ್ಟಿಕ್ ಚೀಲದ ಸಮೇತ. ಕುಡಿದು ಉಳಿದ ಬಾಟಲಿಯ ನೀರು ಸುರಿಯುತ್ತಾರೆ, ಬಾಟಲಿ ಅಲ್ಲೇ ಬೀಳುತ್ತದೆ. ನಂತರ ಆಮ್ಲಜನಕದ ಮೇಲೆ ಭಾಷಣ, ಉಪ್ಪಿಟ್ಟು-ಶಿರಾ. ಸಂಜೆ ಆಡುಗಳು ಬಂದು ಸಾಮಾಜಿಕ ಲೆಕ್ಕಪರಿಶೋಧನೆ ಮುಗಿಸುತ್ತವೆ. ಮುಂದಿನ ವರ್ಷ ಅದೇ ಗುಂಡಿ, ಬೇರೆ ಸಾಹೇಬರು. ಗುಂಡಿ ತೋಡುವ ಖರ್ಚು ಮಾತ್ರ ಪ್ರತಿ ವರ್ಷ ಹೊಸದು.

ಸಸಿ ಸತ್ತದ್ದಕ್ಕೆ ನನಗೆ ಅಷ್ಟು ದುಃಖವಿಲ್ಲ. ಬದುಕಿದಾಗ ಆಗುವ ಅನಾಹುತ ದೊಡ್ಡದು. ನಮ್ಮ ಕಡೆಯ ಅಡವಿ ಎಂದರೆ ಮಲೆನಾಡಿನ ಕತ್ತಲೆ ಕಾಡಲ್ಲ. ಹುಲ್ಲು, ಕುರುಚಲು, ಅಲ್ಲೊಂದು ಇಲ್ಲೊಂದು ಜಾಲಿ-ಬಾರಿ ಗಿಡ, ಕುರಿಗಾರರ ದಾರಿ. ಅದರಲ್ಲಿ ತೋಳ, ನರಿ, ಚಿಗರಿ, ಉಡ, ಬುರ್ಲಿ, ಕೌಜುಗ ಎಲ್ಲ ಸಂಸಾರ ಮಾಡಿಕೊಂಡಿದ್ದವು. ಸರಕಾರಿ ದಫ್ತರದಲ್ಲಿ ಇದಕ್ಕಿರುವ ಹೆಸರು 'ಪಾಳು ಭೂಮಿ'. ಪಾಳು ಎಂದ ಮೇಲೆ ಉದ್ಧಾರ ಮಾಡಬೇಕಲ್ಲ? ನೀಲಗಿರಿ ಹಚ್ಚಿದರು. ರಾಣೆಬೆನ್ನೂರಿನ ಕೃಷ್ಣಮೃಗ ಧಾಮ 1974ರಲ್ಲಿ ಆದದ್ದು, 119 ಚದರ ಕಿಲೋಮೀಟರು. ಅಲ್ಲಿ ಎರೆಭೂತ ಎಂದು ನಮ್ಮ ಹಿರಿಯರು ಕರೆಯುತ್ತಿದ್ದ ಸೊಂಟದೆತ್ತರದ ಹೆಬ್ಬಕಗಳಿದ್ದವು. ಅವಕ್ಕೆ ಬೇಕಿದ್ದದ್ದು ಬಟಾಬಯಲು. ಸುತ್ತ ಕಣ್ಣು ಹಾಯುವಷ್ಟು ಹುಲ್ಲಿದ್ದರೆ ಮಾತ್ರ ಆ ಹಕ್ಕಿ ನೆಲದ ಮೇಲೆ ಒಂದೇ ಒಂದು ತತ್ತಿ ಇಡುವುದು. ನಾವು ಪ್ರೀತಿಯಿಂದ ಅದರ ಮನೆ ತುಂಬ ನೀಲಗಿರಿ ನೆಟ್ಟೆವು. ಹಕ್ಕಿ ಹೋಯಿತು, ಕಟ್ಟಿಗೆ ಉಳಿಯಿತು. ರಾಜ್ಯದಲ್ಲಿ ಈಗ ಸಿರುಗುಪ್ಪದ ಎರೆ ಹೊಲಗಳಲ್ಲಿ ಬೆರಳೆಣಿಕೆಯಷ್ಟು ಉಳಿದಿವೆ ಎನ್ನುತ್ತಾರೆ.

ಅದೇ 1974ರಲ್ಲಿ ಮಾರಿಷಸ್ ದ್ವೀಪದಲ್ಲಿ ಒಂದು ಜಾತಿಯ ಸಣ್ಣ ಡೇಗೆ ಹಕ್ಕಿ ಕಾಡಿನಲ್ಲಿ ನಾಲ್ಕೇ ನಾಲ್ಕು ಉಳಿದಿತ್ತು. ಡೋಡೋ ಹಕ್ಕಿಯನ್ನು ತಿಂದು, ಹಂದಿ-ಇಲಿಗಳಿಗೆ ತಿನ್ನಿಸಿ ಮುಗಿಸಿದ ದೇಶ ಅದು. ಆ ಅವಮಾನ ಇನ್ನೂ ಮಾಸಿರಲಿಲ್ಲವೇನೋ, ತತ್ತಿಗೆ ಕಾವು ಕೊಟ್ಟು, ಮರಿಗೆ ಉಣಿಸಿ, ಗೂಡಿನ ಪೆಟ್ಟಿಗೆ ತೂಗಿ, ನಾಲ್ಕನ್ನು ನೂರಾರು ಮಾಡಿದರು. ಅಂಥ ಕೆಲಸ ನಮ್ಮಲ್ಲಿ ಆಗುವುದೇ ಇಲ್ಲ ಎನ್ನಲಾರೆ. ನಮ್ಮದೇ ಜಿಲ್ಲೆಯಲ್ಲಿ ಬೀಳಗಿ-ಮುಧೋಳ ತಾಲ್ಲೂಕುಗಳ ಯಡಹಳ್ಳಿ ಕುರುಚಲನ್ನು ಚಿಂಕಾರ ವನ್ಯಧಾಮ ಮಾಡಿದ್ದಾರೆ, 96 ಚದರ ಕಿಲೋಮೀಟರು. ಪಕ್ಕದ ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ತೋಳಕ್ಕೂ ಒಂದು ಧಾಮ ಕೊಟ್ಟಿದ್ದಾರೆ. ಪಾಳು ಭೂಮಿ ಪಾಳಲ್ಲ ಎಂದು ಸರಕಾರವೇ ಎರಡು ಕಡೆ ರುಜು ಹಾಕಿ ಒಪ್ಪಿಕೊಂಡಿದೆ. ಆ ಕಾಗದ ಉಳಿದ ತಾಲ್ಲೂಕುಗಳಿಗೆ ಇನ್ನೂ ಟಪಾಲಿನಲ್ಲಿದೆ.

ಕಡೆಯದಾಗಿ ಹೊಳೆ. ಇಲ್ಲಿ ಮಾಸ್ತರರಿಗೂ ಕಾಕಾನಿಗೂ ಜಗಳವೇ ಆಯಿತು. ಸೇಶೆಲ್ಸ್ ಎಂಬ ದ್ವೀಪರಾಷ್ಟ್ರ 2016ರಲ್ಲಿ ಒಂದು ವ್ಯವಹಾರ ಕುದುರಿಸಿತು. ಸುಮಾರು 2.1 ಕೋಟಿ ಡಾಲರ್ ಸಾಲವನ್ನು ಹಗುರ ಮಾಡಿಕೊಡಿ, ಬದಲಿಗೆ ನಮ್ಮ ಸಮುದ್ರದ ಶೇ 30 ಭಾಗವನ್ನು ಕಾಪಾಡುತ್ತೇವೆ ಎಂದಿತು. 2020ರಲ್ಲಿ ಹೇಳಿದಂತೆ ಘೋಷಿಸಿತು. ಮಾಸ್ತರು ಇದನ್ನು ಮಲಪ್ರಭೆಗೆ ಹೊಂದಿಸಿದರು. ಕಣಕುಂಬಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುವ ಈ ಹೊಳೆ ನವಿಲುತೀರ್ಥ ಅಣೆಕಟ್ಟು ದಾಟಿದ ಮೇಲೆ ಎಷ್ಟೋ ಕಡೆ ಕಾಲುವೆಯಷ್ಟೇ ಅಗಲ. ಎರಡೂ ದಂಡೆಯ ಹೊಲಗಳು ವರ್ಷಕ್ಕೊಂದು ಸಾಲು ಮುಂದೆ ಸರಿದಿವೆ. ಹೊಳೆಯೊಳಗೇ ಕಬ್ಬು, ಹೊಳೆಯೊಳಗೇ ಪಂಪ್‌ಸೆಟ್ಟು. ಉಸುಕು ಲಾರಿ ಹತ್ತಿ ಹೋಯಿತು, ಆ ಜಾಗಕ್ಕೆ ಜಾಲಿ ಬಂತು. ಮೇಲಿನಿಂದ ನೀರು ಬಿಟ್ಟಾಗ ಹೊಳೆ ತನ್ನ ಹಳೆಯ ಉತಾರ ಹಿಡಿದುಕೊಂಡು ಊರೊಳಗೆ ಬರುತ್ತದೆ.

"ಸಾಲಾ ಮನ್ನಾ ಮಾಡಿದ್ರ ಹೊಳಿ ಜಾಗಾ ಬಿಟ್ಟು ಕೊಡ್ತೇವಿ ಅಂತ ಬರಕೊಡೂಣೇನ್ರಿ?" ಎಂದರು ಮಾಸ್ತರು.

ಕಾಕಾನ ಭಾವನ ಕಬ್ಬು ಹೊಳೆಯೊಳಗೇ ಇದೆ. ಕಾಕಾ ತಡಮಾಡಲಿಲ್ಲ. "ಮಾಸ್ತರ್ರ, ಸಾಲಾ ಹೆಂಗೂ ಎಲೆಕ್ಷನ್ ಬಂದಾಗ ಮನ್ನಾ ಆಕ್ಕೈತಿ. ಹೊಳಿ ಯಾಕ ಬಿಡಬೇಕು? ಮತ್ತ ಬೆಳಿ ಮುಳಗಿದ್ರ ಪರಿಹಾರಾನೂ ಬರ್ತೈತಿ. ಹೊಳಿ ಬಿಟ್ಟಾಂವಗ ಏನ್ ಬರ್ತೈತಿ ಹೇಳ್ರಿ?"

ಇಡೀ ಅರ್ಜಿಯಲ್ಲಿ ಇಷ್ಟು ಸ್ಪಷ್ಟವಾದ ಆರ್ಥಿಕ ವಿಶ್ಲೇಷಣೆ ಇನ್ನೊಂದಿಲ್ಲ. ಹೊಳೆಯನ್ನು ನುಂಗಿದವನಿಗೆ ಲಾಭ, ಮುಳುಗಿದರೆ ಪರಿಹಾರ. ಸುಮ್ಮನೆ ದಂಡೆಯಲ್ಲೇ ಉಳಿದವನಿಗೆ ಎರಡೂ ಇಲ್ಲ. ಗುಡ್ಡ ಕೊಯ್ದವನಿಗೆ ಪರವಾನಗಿ ಇದೆ, ಗುಡ್ಡದ ಹುಲ್ಲಿನಲ್ಲಿ ಕುರಿ ಮೇಯಿಸುತ್ತ ಅದನ್ನು ಹುಲ್ಲಾಗಿಯೇ ಉಳಿಸಿದ ಕುರಿಗಾರನಿಗೆ ದಂಡದ ರಸೀದಿ. ಮಾಸ್ತರು ಸಮಸ್ಯೆಯ ಕಲಮಿನಲ್ಲಿ ಹವಾಮಾನ ವೈಪರೀತ್ಯ ಎಂದು ಬರೆದಿದ್ದರು. ನಾನು ಅದನ್ನು ಹೊಡೆದು ಹಾಕಿ ಕಾಕಾನ ಮಾತನ್ನೇ ಬರೆದಿದ್ದೇನೆ.

ಹೀಗೆ ಅರ್ಜಿ ಹೊರಡಲಿದೆ. ಹಡಗುಕಟ್ಟೆ ಇಲ್ಲದಿದ್ದರೂ ನಮ್ಮ ಕಲ್ಲು ಹಡಗಿನಲ್ಲೇ ಹೋಗುತ್ತದೆಂದು ತೋರಿಸಲು ಬಂಡೆಯ ಚೂರೊಂದನ್ನು ಲಗತ್ತಿಸಬೇಕೆಂದಿದ್ದೆವು, ತೂಕಕ್ಕೆ ಅಂಚೆ ದರ ನೋಡಿ ಕೈಬಿಟ್ಟೆವು. ಕೊನೆಯ ಪುಟದ ಪ್ರಾರ್ಥನೆಯನ್ನು ಮಾತ್ರ ಮೂವರೂ ಒಪ್ಪಿ ಬರೆದಿದ್ದೇವೆ. ದ್ವೀಪದ ಮಾನ್ಯತೆ ಸಿಗದಿದ್ದರೆ ಬೇಸರವಿಲ್ಲ. ಮಲಪ್ರಭೆಯ ಹಳೆಯ ನಕಾಶೆ ತೆಗೆದು ಗಡಿಕಲ್ಲು ನೆಡಿ, ಒತ್ತುವರಿ ಕಾಕಾನ ಭಾವನದಾದರೂ ಬಿಡಿಸಿ. (ಇದಕ್ಕೆ ಕಾಕಾ ರುಜು ಹಾಕುವಾಗ ಭಾವನಿಗೆ ಹೇಳಬಾರದೆಂಬ ಷರತ್ತು ಹಾಕಿದ್ದಾರೆ.) ಕೆಲಸ ಮುಗಿದ ಕ್ವಾರಿಗಳ ಗುಂಡಿಗೆ ಬೇಲಿ ಹಾಕಿಸಿ, ಹೊಸ ಲೀಜು ಕೊಡುವ ಮೊದಲು ಹಳೆಯದು ಮುಚ್ಚಿದ ಪುರಾವೆ ಕೇಳಿ. ಹುಲ್ಲುಗಾವಲನ್ನು ಪಾಳು ಭೂಮಿಯ ಪಟ್ಟಿಯಿಂದ ತೆಗೆದು, ಅಲ್ಲಿ ದಯಮಾಡಿ ಏನನ್ನೂ ನೆಡಬೇಡಿ.

ಇಷ್ಟಕ್ಕೆ ವಿಶ್ವಸಂಸ್ಥೆ ಬೇಕಿಲ್ಲ. ತಹಶೀಲ್ದಾರರು ಸಾಕು.